ಸಮುದ್ರದ ತೊಟ್ಟಿಗೆ ಎಂಥ ಕಲ್ಲು?

(ಸುವರ್ಣ ಮಹೋತ್ಸವದ ಎರಡನೇ ದಿನ ಬೆಳಗಿನ ವಿಜ್ಞಾನ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ತುಂಬಿದ ಸಂಭ್ರಮದಲ್ಲಿ ನಮ್ಮ ಬ್ಯಾಚಿನವರು ಸೇರಿ ವಿಜ್ಞಾನ ಕೊಠಡಿಗೆ ಒಂದು ಗಾಜಿನ ತೊಟ್ಟಿ ಕೊಟ್ಟಿದ್ದೇವೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕ ಹಾಕಿದರೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಸಮುದ್ರದ ನೀರು ತುಂಬಿಸಿ, ಹವಳದ ದಿಬ್ಬದ ನಡುವೆ ಬದುಕುವ ಮೀನುಗಳನ್ನು ಸಾಕಿ, ಮಕ್ಕಳಿಗೆ ಕಣ್ಣೆದುರೇ ತೋರಿಸಬೇಕು ಎನ್ನುವುದು ನಮ್ಮ ಆಸೆ. ಕಳೆದ ಹಲವು ವರ್ಷಗಳಿಂದ ಉಪ್ಪುನೀರಿನ ತೊಟ್ಟಿಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಹಾಗಾಗಿ ಮುಖ್ಯಾಧ್ಯಾಪಕರು, "ಉಳಿದದ್ದೆಲ್ಲ ಆಮೇಲೆ ನೋಡೋಣ, ಮೊದಲು ಇದರೊಳಗೆ ಎಂಥ ಕಲ್ಲು ಇಡಬೇಕು ಅಂತ ಹೇಳಿಬಿಡಿ" ಎಂದರು. ಇವತ್ತು ಅದೊಂದನ್ನೇ ಹೇಳುತ್ತೇನೆ.

ನಾನು ಬರುವ ಹೊತ್ತಿಗೆ ಒಂಬತ್ತನೇ ತರಗತಿಯ ಮಕ್ಕಳು ಊರೆಲ್ಲ ಸುತ್ತಿ ಎರಡು ಬುಟ್ಟಿ ಕಲ್ಲು ತಂದು ಈ ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಅವರ ಉತ್ಸಾಹ ದೊಡ್ಡದು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಅಜ್ಜ ಒಬ್ಬರು ಆಗಲೇ ನನ್ನನ್ನು ಕರೆದು ಕೇಳಿದರು: "ತಂಗೀ, ಎದುರಿಗೇ ಸಮುದ್ರ ಇದೆ. ಅಲ್ಲಿಂದ ಒಂದು ಬುಟ್ಟಿ ಕಲ್ಲು ಹೊತ್ತು ತಂದರೆ ಮುಗೀತಲ್ಲ, ಕಲ್ಲಿಗೂ ಪರೀಕ್ಷೆ ಯಾಕೆ?" ಒಳ್ಳೆಯ ಪ್ರಶ್ನೆ. ನನ್ನ ಮಾತೆಲ್ಲ ಅವರ ಪ್ರಶ್ನೆಗೇ ಉತ್ತರ ಎಂದು ತಿಳಿಯಬಹುದು.

ಮೊದಲಿಗೆ, ತೊಟ್ಟಿಯಲ್ಲಿ ಕಲ್ಲು ಯಾಕೆ ಬೇಕು? ಚೆಂದಕ್ಕೆ ಮಾತ್ರ ಅಲ್ಲ. ಸಮುದ್ರದಲ್ಲಿ ಒಂದು ಮೀನಿನ ಹೊಲಸನ್ನು ತೊಳೆಯಲು ಲೆಕ್ಕವಿಲ್ಲದಷ್ಟು ನೀರಿದೆ. ಇಲ್ಲಿ ಇರುವುದು 190 ಲೀಟರ್. ಮೀನು ಉಸಿರಾಡುವಾಗಲೂ, ತಿಂದು ಹೊರಹಾಕುವಾಗಲೂ ಅಮೋನಿಯಾ ಬಿಡುತ್ತದೆ. ದನದ ಕೊಟ್ಟಿಗೆಯನ್ನು ಎರಡು ದಿನ ತೊಳೆಯದಿದ್ದರೆ ಮೂಗಿಗೆ ಅಡರುವ ವಾಸನೆ ಇದರದೇ. ಸಮುದ್ರದ ನೀರು ಕ್ಷಾರೀಯ. ಅದರ ಪಿಎಚ್ ಎಂಟರ ಮೇಲಿರುತ್ತದೆ. ಇಂಥ ನೀರಿನಲ್ಲಿ ಅಮೋನಿಯಾದ ವಿಷದ ಅಂಶ ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚು. ಯಾರೂ ಅದನ್ನು ತೆಗೆಯದಿದ್ದರೆ ಮೀನು ತನ್ನ ಹೊಲಸಿನಿಂದಲೇ ಸಾಯುತ್ತದೆ.

ಅದನ್ನು ತೆಗೆಯುವವರು ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ರಷ್ಯಾದ ವಿಜ್ಞಾನಿ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಇವುಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ಗದ್ದೆಗೆ ಹಾಕಿದ ಗೊಬ್ಬರವನ್ನು ಪೈರಿಗೆ ಒಗ್ಗುವಂತೆ ಮಾಡುವುದೂ ಇದೇ ಕೆಲಸ. ಈ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಕೂರಲು ಜಾಗ ಬೇಕು. ತೂತು ತೂತಾದ ಕಲ್ಲು ಅವುಗಳಿಗೆ ಮನೆ. ಕಲ್ಲಿನ ಹೊರಮೈಯಲ್ಲಿ ಆಮ್ಲಜನಕ ಸಿಗುತ್ತದೆ, ಅಲ್ಲಿ ಮೊದಲಿನ ಎರಡು ಬಗೆಯವು ಬದುಕುತ್ತವೆ. ಕಲ್ಲಿನ ಒಳಗಿನ ಸಣ್ಣ ರಂಧ್ರಗಳಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಮೂರನೆಯ ಬಗೆಯವು ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾಡಿ ಗಾಳಿಗೆ ಬಿಡುತ್ತವೆ. ಅಂದರೆ ಒಳ್ಳೆಯ ಕಲ್ಲು ತೊಟ್ಟಿಯ ಕೊಳಕು ಕಳೆಯುವ ಯಂತ್ರ. ಕೆಟ್ಟ ಕಲ್ಲು ಇಟ್ಟರೆ ಯಂತ್ರವೇ ವಿಷ ಕಕ್ಕುತ್ತದೆ. ಪರೀಕ್ಷೆ ಬೇಕಾಗಿರುವುದು ಅದಕ್ಕೆ, ಅಜ್ಜ.

ಕಲ್ಲನ್ನು ಕೈಗೆತ್ತಿಕೊಂಡಾಗ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಇದು ಯಾವುದರಿಂದ ಆದದ್ದು? ಇಷ್ಟು ದಿನ ಎಲ್ಲಿತ್ತು? ನೀರಿಗೆ ಏನು ಬಿಡುತ್ತದೆ? ಇದನ್ನು ತೆಗೆದ ಜಾಗಕ್ಕೆ ಏನಾಗುತ್ತದೆ? ಮಕ್ಕಳು ಈ ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಮೊದಲನೆಯ ಪ್ರಶ್ನೆಗೆ ಉತ್ತರ ನಿಮ್ಮ ಹತ್ತನೇ ತರಗತಿಯ ಪಾಠದಲ್ಲೇ ಇದೆ. ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು. ಕಾರ್ಬೊನೇಟಿನ ಮೇಲೆ ಆಮ್ಲ ಬಿದ್ದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಇಗೋ, ಈ ಬಳಚಿನ ಚಿಪ್ಪಿನ ಮೇಲೆ ಅಂಗಡಿಯಲ್ಲಿ ಸಿಗುವ ವಿನೆಗರ್ ನಾಲ್ಕು ಹನಿ ಹಾಕುತ್ತೇನೆ. ಹತ್ತಿರ ಬಂದು ನೋಡಿ, ಸಣ್ಣ ಸಣ್ಣ ಗುಳ್ಳೆ ಏಳುತ್ತಿವೆ. ಲಿಂಬೆರಸದಲ್ಲೂ ಆಗುತ್ತದೆ. ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪು, ಹವಳ, ಸುಣ್ಣದ ಕಲ್ಲು, ಅಮೃತಶಿಲೆ ಎಲ್ಲ ಇದೇ ವಸ್ತು. ಈಗ ಇದೇ ವಿನೆಗರನ್ನು ಈ ಕರಿಕಲ್ಲಿನ ಮೇಲೆ ಹಾಕುತ್ತೇನೆ. ಏನೂ ಆಗಲಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಮೀನು ಸಾಕುವ ಬಹಳಷ್ಟು ಜನ "ಗುಳ್ಳೆ ಬಂದರೆ ಆ ಕಲ್ಲು ಬೇಡ" ಎಂದು ಹೇಳಿಕೊಡುತ್ತಾರೆ. ಆ ಮಾತು ಸಿಹಿನೀರಿನ ತೊಟ್ಟಿಗೆ. ಅಲ್ಲಿ ಸುಣ್ಣದ ಕಲ್ಲು ನಿಧಾನವಾಗಿ ಕರಗಿ ನೀರನ್ನು ಗಡುಸು ಮಾಡುತ್ತದೆ, ಮೆದುನೀರಿನ ಮೀನಿಗೆ ಅದು ಹಿಡಿಸುವುದಿಲ್ಲ. ಉಪ್ಪುನೀರಿನಲ್ಲಿ ಲೆಕ್ಕ ತಿರುಗುಮುರುಗು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು, 400 ಮಿಲಿಗ್ರಾಂ ಕ್ಯಾಲ್ಸಿಯಂ ಮೊದಲೇ ಇರುತ್ತದೆ. ಅಲ್ಲಿ ಸುಣ್ಣದ ಕಲ್ಲು ಸುಲಭಕ್ಕೆ ಕರಗುವುದಿಲ್ಲ. ನೀರು ಹುಳಿಯತ್ತ ತಿರುಗಿದರೆ ಮಾತ್ರ ಸ್ವಲ್ಪ ಕರಗಿ ಅದನ್ನು ತಡೆಯುತ್ತದೆ. ಹಾಗಾಗಿ ನಮ್ಮ ತೊಟ್ಟಿಗೆ ಗುಳ್ಳೆ ಬರುವ ಕಲ್ಲೇ ಬೇಕು. ಆದರೆ ಗುಳ್ಳೆ ಬಂತು ಎಂದ ಮಾತ್ರಕ್ಕೆ ಕಲ್ಲು ಸುರಕ್ಷಿತ ಎಂದಲ್ಲ. ಅದು ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ. ಇನ್ನೂ ಮೂರು ಪ್ರಶ್ನೆ ಬಾಕಿ.

ಈಗ ಮೇಜಿನ ಮೇಲಿರುವುದನ್ನು ಒಂದೊಂದಾಗಿ ನೋಡೋಣ.

ಇದು ಕ್ವಾರಿಯಿಂದ ತಂದ ಕರಿಕಲ್ಲು. ಗಟ್ಟಿ, ಭಾರ. ನೀರಿಗೆ ಹೆಚ್ಚೇನೂ ಬಿಡುವುದಿಲ್ಲ, ವಿಷವೂ ಅಲ್ಲ. ಆದರೆ ಒಳಗೆ ರಂಧ್ರಗಳಿಲ್ಲ, ಬ್ಯಾಕ್ಟೀರಿಯಾಗಳಿಗೆ ಹೊರಮೈ ಮಾತ್ರ ಸಿಗುತ್ತದೆ. ತೊಟ್ಟಿಯ ತೂಕ ಹೆಚ್ಚುತ್ತದೆ, ಕೆಲಸ ಕಡಿಮೆ. ಹೊಳೆಯ ಉರುಟುಕಲ್ಲಿನ ಕಥೆಯೂ ಇದೇ.

ಇದು ನಮ್ಮೂರಿನ ಚಿರೇಕಲ್ಲು. ನಮ್ಮ ಶಾಲೆಯ ಗೋಡೆಯೂ ಇದರದೇ. ಘಟ್ಟದ ಕೆಳಗೆ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಇಟ್ಟಿಗೆಯಂತೆ ಕತ್ತರಿಸಲು ಬರುತ್ತದೆ ಎಂಬ ಕಾರಣಕ್ಕೆ ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಮಾಡಿದ ಹೆಸರು ಅದು. ತೂತು ತೂತಾಗಿದೆ, ನೋಡಲು ಹವಳದ ದಿಬ್ಬದಂತೆಯೇ ಕಾಣುತ್ತದೆ, ಮಕ್ಕಳು ತಂದದ್ದರಲ್ಲಿ ತಪ್ಪಿಲ್ಲ. ಆದರೆ ಇದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಕಲ್ಲು, ಸುಣ್ಣದ್ದಲ್ಲ. ತೂತುಗಳ ತುಂಬ ಜೇಡಿಮಣ್ಣು ಕೂತಿರುತ್ತದೆ. ನೀರಿಗೆ ಬಿದ್ದರೆ ಕೆಂಪು ಪುಡಿ ಉದುರುತ್ತಲೇ ಇರುತ್ತದೆ, ನೀರು ತಿಳಿಯಾಗುವುದಿಲ್ಲ. ಮನೆ ಕಟ್ಟಲು ಇದು ಬಂಗಾರ, ತೊಟ್ಟಿಗೆ ಬೇಡ.

ಈ ಕಲ್ಲು ಫಳಫಳ ಮಿನುಗುತ್ತಿದೆ. ಚಿನ್ನದ ಬಣ್ಣದ ಕಣಗಳು ಸಾಮಾನ್ಯವಾಗಿ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ನೀರು, ಗಾಳಿ ತಾಗಿದಾಗ ಅದು ಕೊಳೆತು ಆಮ್ಲ ಬಿಡುತ್ತದೆ. ಹಸಿರು, ನೀಲಿ ಗೆರೆಗಳಿರುವ ಕಲ್ಲಿನಲ್ಲಿ ತಾಮ್ರ ಇರಬಹುದು. ಚಿತ್ರದುರ್ಗದ ಹತ್ತಿರ ಇಂಗಳದಾಳಿನಲ್ಲಿ ತಾಮ್ರದ ಗಣಿಯೇ ಇತ್ತು. ಕುದುರೆಮುಖದ ಅದಿರು ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್. ಹಾಗಾಗಿ ಪ್ರಯೋಗಾಲಯದ ಅಯಸ್ಕಾಂತವನ್ನು ಪ್ರತಿ ಕಲ್ಲಿನ ಮೇಲೂ ಆಡಿಸಿ ನೋಡಿ. ಅಂಟಿದರೆ, ಮಿನುಗಿದರೆ, ತುಕ್ಕಿನ ಗೆರೆ ಕಂಡರೆ, ಹಸಿರು ನೀಲಿ ಕಲೆ ಕಂಡರೆ ಅದನ್ನು ಭೂಗೋಳದ ಕಪಾಟಿನಲ್ಲಿ ಇಡಿ. ಅಲ್ಲಿ ಅದಕ್ಕೆ ಗೌರವದ ಜಾಗ ಇದೆ.

ಇದೊಂದು ಕಲ್ಲು ನೋಡಿ. ಗುಳ್ಳೆ ಬರುತ್ತದೆ, ಮಿನುಗುವುದಿಲ್ಲ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಸಿಕ್ಕಿದ್ದು ಎಲ್ಲಿ ಎಂದು ಕೇಳಿದೆ. "ನಮ್ಮ ಅಡಿಕೆ ತೋಟದ ಕಟ್ಟೆಯಲ್ಲಿ, ಮೇಡಂ" ಎಂದಳು ತಂದ ಹುಡುಗಿ. ಎರಡನೆಯ ಪ್ರಶ್ನೆ ಕೆಲಸಕ್ಕೆ ಬರುವುದು ಇಲ್ಲಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ತೋಟಕ್ಕೆ ಏನು ಹೊಡೆಯುತ್ತೇವೆ? ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ವರ್ಷ ವರ್ಷವೂ ಅದು ಮರದಿಂದ ಇಳಿದು ಮಣ್ಣಿಗೂ ಕಟ್ಟೆಯ ಕಲ್ಲಿಗೂ ಸೇರಿದೆ. ಬಹುಶಃ ಗುಳ್ಳೆ ಬರುವುದೂ ಆ ದ್ರಾವಣದ ಸುಣ್ಣ ಕಲ್ಲಿನ ಮೇಲೆ ಒಣಗಿ ಕೂತಿರುವುದರಿಂದಲೇ.

ತಾಮ್ರದ ವಿಷಯ ಗಂಭೀರ. ಉಪ್ಪುನೀರಿನ ಮೀನಿನ ಕೆಲವು ಪರಾವಲಂಬಿ ರೋಗಗಳಿಗೆ ತಾಮ್ರವನ್ನೇ ಔಷಧಿಯಾಗಿ ಕೊಡುತ್ತಾರೆ, ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು, ಅದೂ ಬೇರೆ ತೊಟ್ಟಿಯಲ್ಲಿ ಇಟ್ಟು. ಮೀನು ತಡೆದುಕೊಳ್ಳುವ ಆ ಪ್ರಮಾಣ ಸಿಗಡಿ, ಶಂಖದಹುಳು, ಹವಳದಂಥ ಬೆನ್ನೆಲುಬಿಲ್ಲದ ಜೀವಿಗಳನ್ನು ಕೊಲ್ಲುತ್ತದೆ. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಬಿಡುತ್ತದೆ. ತೊಳೆದರೆ ಹೋಗುತ್ತದೆ ಎಂಬ ಧೈರ್ಯ ಬೇಡ. ಔಷಧಿ ಹಾಕಿದ ಹಳೆಯ ತೊಟ್ಟಿಯ ಕಲ್ಲನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಇದೇ ಕಾರಣಕ್ಕೆ ತೆಗೆದುಕೊಳ್ಳಬಾರದು.

ಬಂದರಿನ ಧಕ್ಕೆಯ ಹತ್ತಿರದಿಂದ ತಂದ ಕಲ್ಲೂ ಇಲ್ಲಿದೆ. ದೋಣಿಯ ತಳಕ್ಕೆ ಚಿಪ್ಪು ಅಂಟದಿರಲಿ ಎಂದು ಹಚ್ಚುವ ಬಣ್ಣದಲ್ಲಿ ಇರುವುದೂ ತಾಮ್ರವೇ. ಅದನ್ನು ಕೆರೆದು ತೆಗೆಯುವುದು ಅಲ್ಲೇ. ಡೀಸೆಲ್ ಬೇರೆ. "ಸಮುದ್ರದ್ದೇ ಕಲ್ಲಲ್ಲವೇ" ಎಂದು ಅದನ್ನು ನಂಬುವ ಹಾಗಿಲ್ಲ. ಹಾಗೆಯೇ ಗದ್ದೆಯ ಅಂಚಿನ ಕಲ್ಲಿಗೆ ಗೊಬ್ಬರದ ರಂಜಕ ಸೇರಿರುತ್ತದೆ. ರಂಜಕ ಹೆಚ್ಚಾದರೆ ತೊಟ್ಟಿಯ ತುಂಬ ಪಾಚಿ. ಎಣ್ಣೆ ಕುಂಕುಮ ಮೆತ್ತಿದ ಕಲ್ಲು, ಹೆದ್ದಾರಿಯ ಬದಿಯ ಕಲ್ಲು, ಬಣ್ಣ ಬಳಿದ ಕಲ್ಲು ಯಾವುದೂ ಬೇಡ.

ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಚೂರು ಒಂದಿದೆ. ಕಲಬುರಗಿ ಕಡೆಯ ಈ ಕಲ್ಲು ಸುಣ್ಣದ ಕಲ್ಲೇ, ವಿನೆಗರಿಗೆ ಗುಳ್ಳೆ ಬರುತ್ತದೆ. ಕಡಪ ಕಲ್ಲೂ ಅದೇ ಜಾತಿ. ಪಾಲಿಶ್ ಮಾಡದ, ಮೇಣ ಹಚ್ಚದ, ಯಾರೂ ನೆಲಕ್ಕೆ ಹಾಸಿ ಫಿನಾಯಿಲ್ ಹಾಕಿ ಒರೆಸದ ಹೊಸ ಚೂರಾದರೆ ತೊಟ್ಟಿಯ ತಳಕ್ಕೆ ಆಧಾರವಾಗಿ ಇಡಬಹುದು. ರಂಧ್ರ ಇಲ್ಲದ್ದರಿಂದ ಅದೊಂದೇ ಸಾಲದು.

ಇನ್ನು ಉಳಿದಿರುವುದು ಇದು. ಬೆಳ್ಳಗೆ, ಹಗುರ, ಮೈತುಂಬ ಹೂವಿನಂಥ ಗುರುತುಗಳು. ಇದು ಹವಳ. ಯಾರದೋ ಮನೆಯ ಷೋಕೇಸಿನಲ್ಲಿ ಬಹಳ ವರ್ಷಗಳಿಂದ ಇದ್ದದ್ದಂತೆ. ತೊಟ್ಟಿಯ ದೃಷ್ಟಿಯಿಂದ ಮಾತ್ರ ನೋಡಿದರೆ ಇದಕ್ಕಿಂತ ಒಳ್ಳೆಯ ಕಲ್ಲು ಇಲ್ಲ. ಸುಣ್ಣದ್ದು, ರಂಧ್ರಗಳಿರುವುದು, ಸಮುದ್ರದ್ದೇ. ಮೂರು ಪ್ರಶ್ನೆಗೂ ಸರಿಯಾದ ಉತ್ತರ. ನಾಲ್ಕನೆಯ ಪ್ರಶ್ನೆಯಲ್ಲಿ ಇದು ಪೂರ್ತಿ ನಪಾಸು.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. ಇಂಡೋನೇಷ್ಯಾದ ಜಕಾರ್ತಾದಲ್ಲಿ ಲೀ ಚಿನ್ ಎಂಗ್ ಎಂಬುವರು ಸಮುದ್ರತಳದಿಂದ ಜೀವ ತುಂಬಿದ ಕಲ್ಲುಗಳನ್ನೇ ತಂದು ತೊಟ್ಟಿಯಲ್ಲಿಟ್ಟು, ಬರೀ ಗಾಳಿಗುಳ್ಳೆ ಬಿಟ್ಟು ಹವಳ ಮೀನುಗಳನ್ನು ಉಳಿಸಿ ತೋರಿಸಿದರು. 1961ರಲ್ಲಿ ಅದು ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಜರ್ಮನಿಯ ಬರ್ಲಿನ್‌ನ ಹವ್ಯಾಸಿಗಳು ಆ ವಿಧಾನವನ್ನು ಬೆಳೆಸಿದರು. ಲೈವ್ ರಾಕ್ ಎಂಬ ಹೆಸರಿನಲ್ಲಿ ಆ ಕಲ್ಲು ವ್ಯಾಪಾರದ ಸರಕಾಯಿತು. ತೊಟ್ಟಿಗಳು ಚೆನ್ನಾದವು, ದಿಬ್ಬಗಳು ಬರಿದಾಗತೊಡಗಿದವು. ಅಮೆರಿಕದ ಫ್ಲಾರಿಡಾ ಕಡಲಲ್ಲಿ 1997ರ ಹೊತ್ತಿಗೆ ಸಹಜ ಲೈವ್ ರಾಕ್ ಎತ್ತುವುದನ್ನು ನಿಲ್ಲಿಸಿದರು. ಈಗ ಅಲ್ಲಿ ಗಣಿಯ ಸುಣ್ಣದ ಕಲ್ಲನ್ನು ಗುತ್ತಿಗೆ ಪಡೆದ ಸಮುದ್ರತಳದಲ್ಲಿ ಸುರಿದು, ಅದರ ಮೇಲೆ ಜೀವ ಬೆಳೆದ ಮೇಲೆ ಎತ್ತುತ್ತಾರೆ. ಇಟ್ಟದ್ದನ್ನೇ ತೆಗೆಯುವ ಬೇಸಾಯ ಅದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ ಸೇರಿಸಿದರು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ. ಸತ್ತು ಬೆಳ್ಳಗಾದ ತುಂಡಾದರೂ ಅದು ಹವಳವೇ. ಸಮುದ್ರಕ್ಕೆ ಮುಳುಗಿ ತರುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಈ ತುಂಡು ತಂದ ಮಗುವನ್ನಾಗಲಿ ಅವರ ಮನೆಯವರನ್ನಾಗಲಿ ದೂರಲು ನಾನು ಇದನ್ನು ಹೇಳುತ್ತಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥದ್ದು ಹಳೆಯ ಕಾಲದಿಂದ ಇದೆ. ಇನ್ನು ಮುಂದೆ ಹೊಸದು ಬರಬಾರದು ಎಂದಷ್ಟೇ ನನ್ನ ಮಾತು.

ಕಾಯ್ದೆ ಇದೆ ಎಂಬ ಹೆದರಿಕೆಗಿಂತ ಕಾರಣ ಗೊತ್ತಿರುವುದು ಮುಖ್ಯ. ದೊಡ್ಡ ಗುಂಡಿನಂಥ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಒಂದು ಅಡಿ ದಪ್ಪದ ಗುಂಡು ಎಂದರೆ ನಮ್ಮ ಊರಿನ ಒಂದೆರಡು ತಲೆಮಾರು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ರಾಮೇಶ್ವರದ ಕಡೆಯಿಂದ ತೂತ್ತುಕುಡಿಯವರೆಗೆ 21 ಪುಟ್ಟ ದ್ವೀಪಗಳ ಸಾಲಿತ್ತು. ಅವುಗಳ ಸುತ್ತಲಿನ ಹವಳವನ್ನು ಸುಣ್ಣಕ್ಕೆ, ಕಟ್ಟಡಕ್ಕೆ ದಶಕಗಳ ಕಾಲ ಅಗೆದರು. 1986ರಲ್ಲಿ ಅದನ್ನು ಸಾಗರ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಲಾಯಿತು. ಅಷ್ಟರಲ್ಲಿ ಆದ ಹಾನಿ ಆಗಿತ್ತು. ಪೂವರಸನ್‌ಪಟ್ಟಿ, ವಿಲಂಗುಚಲ್ಲಿ ಎಂಬ ಎರಡು ದ್ವೀಪಗಳು ನೀರಿನಡಿಗೆ ಹೋಗಿವೆ. ತೆರೆಯ ಹೊಡೆತ ತಡೆಯುತ್ತಿದ್ದ ಹವಳವನ್ನು ತೆಗೆದದ್ದು ಅದಕ್ಕೆ ದೊಡ್ಡ ಕಾರಣ. ಕಡಲ್ಕೊರೆತ ಎಂದರೆ ಏನೆಂದು ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮಲ್ಲೂ ಹವಳ ಇದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯ ಸುತ್ತ ಮುಳುಗಿದವರು ನೋಡಿ ಬಂದಿದ್ದಾರೆ. ಆ ಹವಳದ ಸಂದಿಯಲ್ಲಿ ಮರಿಮೀನುಗಳು ಬೆಳೆಯುತ್ತವೆ. ಮರಿ ಉಳಿದರೆ ಬಲೆಗೆ ಮೀನು. ನಮ್ಮ ಮಕ್ಕಳಿಗೆ ಸಮುದ್ರ ತೋರಿಸಲೆಂದು ಆ ಮರಿಗಳ ಮನೆ ಕಿತ್ತು ತಂದರೆ ಪಾಠವೇ ತಲೆಕೆಳಗಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳದೂ ಇದೇ ಮಾತು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪ್ರವಾಸಕ್ಕೆ ಹೋದಾಗ ಒಂದು ಚೂರನ್ನೂ ಚೀಲಕ್ಕೆ ಹಾಕಬಾರದು.

ಹಾಗಾದರೆ ನಮ್ಮ ತೊಟ್ಟಿಗೆ ಏನು ಇಡೋಣ? ಕಲ್ಲನ್ನು ನಾವೇ ಮಾಡೋಣ.

ನಮ್ಮ ಅಡುಗೆಮನೆಗಳಲ್ಲಿ ಬಳಚು, ಕಲ್ಗ ಬೇಯಿಸಿದ ಮೇಲೆ ಚಿಪ್ಪು ಏನಾಗುತ್ತದೆ? ತೆಂಗಿನ ಬುಡಕ್ಕೆ ಹೋಗುತ್ತದೆ. ಆ ಚಿಪ್ಪು ಬೇಕು. ಹೊಳೆಯಿಂದ ಹೊಸದಾಗಿ ಅಗೆದು ತರುವುದು ಬೇಡ, ತಿಂದು ಬಿಟ್ಟದ್ದು ಸಾಕು. ಅದನ್ನು ತೊಳೆದು, ಮಾಂಸದ ಚೂರು ಉಳಿಯದಂತೆ ಉಜ್ಜಿ, ಎರಡು ವಾರ ಬಿಸಿಲಿಗೆ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನುಚ್ಚು ಮಾಡಿ. ಒಂದು ಪಾಲು ಸಾದಾ ಸಿಮೆಂಟ್, ಎರಡು ಪಾಲು ಚಿಪ್ಪಿನ ನುಚ್ಚು, ಎರಡು ಪಾಲು ದಪ್ಪ ಕಲ್ಲುಪ್ಪು. ಸಾಣಿಕಟ್ಟೆಯ ಹರಳು ಉಪ್ಪು ಇದಕ್ಕೆ ಬಹಳ ಒಳ್ಳೆಯದು. ಸಿಮೆಂಟಿಗೆ ಬಣ್ಣ, ನೀರು ಸೋರದಂತೆ ಹಾಕುವ ರಾಸಾಯನಿಕ ಏನೂ ಸೇರಿರಬಾರದು. ನೀರು ಕಡಿಮೆ ಹಾಕಿ ಉಂಡೆ ಕಟ್ಟುವ ಹದಕ್ಕೆ ಕಲಸಿ. ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು, ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಒದ್ದೆ ಮರಳಿನಲ್ಲಿ ಬೇಕಾದ ಆಕಾರದ ಗುಂಡಿ ತೋಡಿ ಅದರಲ್ಲಿ ಹಾಕಿ. ನಡುವೆ ಮರಳಿನ ಉಂಡೆ ಇಟ್ಟರೆ ಗುಹೆಯಾಗುತ್ತದೆ. ಎರಡು ದಿನ ಬಿಟ್ಟು ತೆಗೆದು, ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿಡಿ. ಮನೆಯ ತಾರಸಿಗೆ ನೀರು ಹಾಯಿಸಿ ಹದ ಮಾಡುತ್ತೇವಲ್ಲ, ಹಾಗೆ.

ಆಮೇಲೆ ಡ್ರಮ್ಮಿನಲ್ಲಿ ಸಿಹಿನೀರು ತುಂಬಿಸಿ ಕಲ್ಲು ಮುಳುಗಿಸಿಡಿ. ಉಪ್ಪಿನ ಹರಳು ಕರಗಿ ಹೋಗುತ್ತದೆ, ಅದಿದ್ದ ಜಾಗದಲ್ಲಿ ರಂಧ್ರ ಉಳಿಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಮನೆ ತಯಾರು. ಆದರೆ ಹೊಸ ಸಿಮೆಂಟ್ ನೀರಿಗೆ ಸುಣ್ಣ ಬಿಡುತ್ತದೆ. ಮೊದಲ ದಿನಗಳಲ್ಲಿ ಆ ನೀರಿನ ಪಿಎಚ್ ಹನ್ನೊಂದರ ಮೇಲೆ ಹೋಗುತ್ತದೆ, ಅದರಲ್ಲಿ ಯಾವ ಮೀನೂ ಉಳಿಯದು. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಾಯಿಸಿ. ಆರರಿಂದ ಎಂಟು ವಾರ ಬೇಕು. ಹೊಸ ನೀರಿನಲ್ಲಿ ಮೂರು ದಿನ ಇಟ್ಟ ಮೇಲೂ ಪಿಎಚ್ ಎಂಟೂವರೆ ದಾಟದಿದ್ದರೆ ಕಲ್ಲು ಹದಕ್ಕೆ ಬಂತು ಎಂದು ಅರ್ಥ. ಇದೇ ಮೂರನೆಯ ಪ್ರಶ್ನೆಯ ಪರೀಕ್ಷೆ. ಬೇರೆ ಯಾವ ಕಲ್ಲು ಇಡುವುದಿದ್ದರೂ ಮೊದಲು ಬಕೆಟ್ಟಿನಲ್ಲಿ ಎರಡು ವಾರ ಇಟ್ಟು ಪಿಎಚ್, ರಂಜಕ, ತಾಮ್ರ ಅಳೆಯಿರಿ. ಈ ಪರೀಕ್ಷೆಯ ಕಿಟ್‌ಗಳನ್ನು ನಮ್ಮ ಬ್ಯಾಚು ತಂದುಕೊಟ್ಟಿದೆ.

ಮಕ್ಕಳ ಜೀವಕ್ಕೆ ಸಂಬಂಧಿಸಿದ ಮೂರು ಎಚ್ಚರಿಕೆ ಹೇಳಿಬಿಡುತ್ತೇನೆ, ಮನೆಯವರೂ ಕೇಳಿಸಿಕೊಳ್ಳಿ. ಒಂದು, ಯಾವ ಕಲ್ಲನ್ನೂ ಶುದ್ಧ ಮಾಡಲು ಕುದಿಸಬೇಡಿ, ಬೆಂಕಿಗೆ ಇಡಬೇಡಿ. ಒಳಗೆ ಸಿಕ್ಕಿದ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಸಮುದ್ರದ ಕಲ್ಲಿಗೆ ಅಂಟಿರುವ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ; ಅಂಥ ಕಲ್ಲು ಕುದಿಸಿ ಅದರ ಆವಿ ಉಸಿರಾಡಿದ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಎರಡು, ಬ್ಲೀಚಿಂಗ್ ಪೌಡರನ್ನೂ ವಿನೆಗರ್ ಅಥವಾ ಬೇರೆ ಆಮ್ಲವನ್ನೂ ಒಟ್ಟಿಗೆ ಸೇರಿಸಬೇಡಿ, ಕ್ಲೋರಿನ್ ವಿಷಾನಿಲ ಬರುತ್ತದೆ. ಮೂರು, ಪ್ರಯೋಗಾಲಯದ ಹೈಡ್ರೋಕ್ಲೋರಿಕ್ ಆಮ್ಲದ ಪರೀಕ್ಷೆ ಶಿಕ್ಷಕರ ಕೈಯಲ್ಲೇ ನಡೆಯಲಿ. ನಿಮಗೆ ವಿನೆಗರ್ ಸಾಕು.

ಕಲ್ಲು ಜೋಡಿಸುವಾಗ ಅದನ್ನು ಮರಳಿನ ಮೇಲೆ ಇಡಬೇಡಿ. ಮೊದಲು ಕಲ್ಲು, ಆಮೇಲೆ ಸುತ್ತ ಮರಳು. ಮರಳು ಕೆದಕುವ ಮೀನು, ಸಿಗಡಿ ಅಡಿಯನ್ನು ಸಡಿಲ ಮಾಡಿದರೆ ಕಲ್ಲು ಉರುಳಿ ಗಾಜು ಒಡೆಯುತ್ತದೆ. ಗಾಜಿಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ನೀರು ಎಲ್ಲ ಕಡೆ ಆಡಲಿ. ನಮ್ಮ ತೊಟ್ಟಿಗೆ 15ರಿಂದ 20 ಕೆ.ಜಿ. ಕಲ್ಲು ಸಾಕಾಗುತ್ತದೆ. ನೀರು, ಗಾಜು, ಕಲ್ಲು ಸೇರಿ ಎರಡೂವರೆ ಕ್ವಿಂಟಲ್ ಹತ್ತಿರ ಆಗಬಹುದು. ಕೆಳಗಿನ ಸ್ಟ್ಯಾಂಡ್ ಗಟ್ಟಿಯಿರಲಿ.

ಇಷ್ಟೆಲ್ಲ ಆದ ಮೇಲೂ ಮೀನು ಬಿಡುವ ಅವಸರ ಬೇಡ. ಒಂದು ಸಿಗಡಿಯ ತುಂಡು ಹಾಕಿ ಕೊಳೆಯಲು ಬಿಡಿ. ಅಮೋನಿಯಾ ಏರುತ್ತದೆ, ನಂತರ ನೈಟ್ರೈಟ್ ಏರುತ್ತದೆ, ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿದು ಎರಡೂ ಸೊನ್ನೆಗೆ ಇಳಿಯುತ್ತವೆ. ದಿನ ಬಿಟ್ಟು ದಿನ ಅಳೆದು ಗೋಡೆಯ ಮೇಲೆ ನಕ್ಷೆ ಬರೆಯಿರಿ. ವಿನೊಗ್ರಾಡ್ಸ್ಕಿ ಹೇಳಿದ್ದು ನಮ್ಮ ಶಾಲೆಯ ಗೋಡೆಯ ಮೇಲೆಯೇ ಕಾಣುತ್ತದೆ. ಎರಡೂ ಸೊನ್ನೆಯಾದ ಮೇಲೆ ಮೊದಲ ಜೋಡಿ ಮೀನು. ಕ್ಲೌನ್ ಮೀನಿನ ಮರಿಗಳನ್ನು ತೊಟ್ಟಿಯಲ್ಲೇ ಹುಟ್ಟಿಸಿ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಹಾಗೆ ಸಾಕಿ ಬೆಳೆಸಿದ ಮರಿಗಳನ್ನೇ ತರೋಣ. ಕಲ್ಲು ನಾವು ಮಾಡಿದ್ದು, ಮೀನು ಸಾಕಿದ್ದು. ನಮ್ಮ ತೊಟ್ಟಿಗಾಗಿ ಸಮುದ್ರ ಏನನ್ನೂ ಕಳೆದುಕೊಳ್ಳುವುದು ಬೇಡ.

ನನ್ನದೊಂದು ವಿನಂತಿ. ತೊಟ್ಟಿಯ ಪಕ್ಕ ಒಂದು ರಿಜಿಸ್ಟರ್ ಇಡಿ. ಒಳಗೆ ಹೋಗುವ ಪ್ರತಿ ಕಲ್ಲಿಗೂ ಒಂದು ಸಾಲು: ಯಾವುದರಿಂದ ಆದದ್ದು, ಎಲ್ಲಿಂದ ಬಂತು, ಬಕೆಟ್ಟಿನ ಪರೀಕ್ಷೆಯಲ್ಲಿ ಏನು ಕಂಡಿತು, ಯಾರ ಮನೆಯ ಚಿಪ್ಪು. ನಾಲ್ಕೂ ಕಾಲಂ ತುಂಬದ ಕಲ್ಲು ತೊಟ್ಟಿಗೆ ಇಳಿಯಬಾರದು, ಅದನ್ನು ಕೊಟ್ಟವರು ಎಷ್ಟೇ ದೊಡ್ಡವರಾಗಿರಲಿ. ಊರ ತಾಯಂದಿರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಭಾನುವಾರ ಬಳಚು ಬೇಯಿಸಿದರೆ ಚಿಪ್ಪನ್ನು ಎಸೆಯಬೇಡಿ, ತೊಳೆದು ಮಕ್ಕಳ ಕೈಯಲ್ಲಿ ಶಾಲೆಗೆ ಕಳಿಸಿ. ಎರಡು ಬುಟ್ಟಿ ಚಿಪ್ಪು ಸಿಕ್ಕರೆ ಕೆಲಸ ಶುರು ಮಾಡಬಹುದು. ಸಿಮೆಂಟ್ ಕಲಸುವ ದಿನ ನಾನೂ ರಜೆ ಹಾಕಿ ಬರುತ್ತೇನೆ.

 ನಮ್ಮ ಶಾಲೆ ನೂರು ಕಾಣಲಿ.